ಮುಂಬೈನಿಂದ ಎರಡು ರಾತ್ರಿಯ ಕ್ರೂಸ್: ಬೆಂಗಳೂರಿನವರಿಗೆ ದುಡ್ಡಿಗೆ ತಕ್ಕದ್ದೇ?

ಪ್ರಶ್ನೆ: ನಾವು ಬೆಂಗಳೂರಿನವರು. ಗಂಡ, ಹೆಂಡತಿ, 9 ವರ್ಷದ ಮಗಳು, 68 ವರ್ಷದ ಅತ್ತೆ, ಒಟ್ಟು ನಾಲ್ವರು, ಸಸ್ಯಾಹಾರಿಗಳು. ಡಿಸೆಂಬರಿನಲ್ಲಿ ಮುಂಬೈನಿಂದ ಹೊರಡುವ, ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗಿನಲ್ಲಿ ಎರಡು ರಾತ್ರಿಯ ಪ್ರವಾಸ ಬುಕ್ ಮಾಡೋಣ ಅಂದುಕೊಂಡಿದ್ದೇವೆ. ಇಷ್ಟು ಚಿಕ್ಕ ಪ್ರವಾಸಕ್ಕೆ ಅಷ್ಟು ದುಡ್ಡು ಹಾಕಬಹುದಾ?

ಉತ್ತರ:

ಬೆಂಗಳೂರಿನಿಂದ ಹೋಗುವವರಿಗೆ ಎರಡು ರಾತ್ರಿಯದ್ದು ಬೇಡ ಎನ್ನುತ್ತೇನೆ. ಮೂರು ರಾತ್ರಿಯದ್ದು ಸಿಕ್ಕರೆ ಹೋಗಿ. ಇಲ್ಲವಾದರೆ ಮುಂಬೈನಲ್ಲಿ ಹತ್ತಿ ಗೋವಾದಲ್ಲಿ ಇಳಿದುಬಿಡುವ ಒಂದು ಕಡೆಯ ಪ್ರಯಾಣ ನೋಡಿ. ಮುಂಬೈ, ಪುಣೆಯ ಜನಕ್ಕೆ ಎರಡು ರಾತ್ರಿ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅವರು ಟ್ಯಾಕ್ಸಿ ಹತ್ತಿ ಬಂದರಿಗೆ ಬಂದುಬಿಡುತ್ತಾರೆ. ನಿಮ್ಮ ಲೆಕ್ಕ ಬೇರೆ.

ಮೊದಲು ಗಂಟೆ ಎಣಿಸಿ. ಜಾಹೀರಾತಿನಲ್ಲಿ '2 ರಾತ್ರಿ, 3 ಹಗಲು' ಎಂದಿರುತ್ತದೆ. ಮೊದಲ ದಿನ ಮಧ್ಯಾಹ್ನ 3ರ ಹೊತ್ತಿಗೆ ಹಡಗಿನೊಳಗೆ ಕಾಲಿಟ್ಟಿರಿ, ಮೂರನೇ ದಿನ ಬೆಳಿಗ್ಗೆ 9ಕ್ಕೆ ಇಳಿದಿರಿ ಎಂದುಕೊಳ್ಳೋಣ. ಅದು 42 ಗಂಟೆ. ಎರಡು ರಾತ್ರಿಯ ನಿದ್ದೆ 16 ಗಂಟೆ ಕಳೆಯಿರಿ. ಹತ್ತಿದ ಮೇಲೆ ಕೋಣೆ ಹುಡುಕುವುದು, ಸುರಕ್ಷತಾ ಕವಾಯತು, ಇಳಿಯುವ ಬೆಳಿಗ್ಗೆಯ ಸಾಲು, ಎಲ್ಲಕ್ಕೂ ಸೇರಿ 4 ಗಂಟೆ. ಉಳಿದದ್ದು 22. ಇನ್ನೊಂದು ರಾತ್ರಿ ಸೇರಿಸಿದರೆ ಇದೇ ಲೆಕ್ಕ 38ಕ್ಕೆ ಏರುತ್ತದೆ. ವಿಮಾನದ ಟಿಕೆಟ್, ಮುಂಬೈನಲ್ಲಿ ಒಂದು ರಾತ್ರಿಯ ಹೋಟೆಲ್, ಟ್ಯಾಕ್ಸಿ ಎರಡಕ್ಕೂ ಒಂದೇ. ಆ ಖರ್ಚನ್ನು 22 ಗಂಟೆಯ ಮೇಲೆ ಹಾಕುತ್ತೀರೋ 38 ಗಂಟೆಯ ಮೇಲೆ ಹಾಕುತ್ತೀರೋ ಎಂಬಲ್ಲೇ ನಿಮ್ಮ ಉತ್ತರ ಇದೆ.

ಲೆಕ್ಕಕ್ಕೆ ಒಂದು ಅಂಕಿ ಇಟ್ಟುಕೊಳ್ಳಿ: ಹಡಗಿಗೆ ತಲೆಗೆ 25,000, ಬೆಂಗಳೂರು-ಮುಂಬೈ ಹೋಗಿಬರಲು ಮತ್ತು ಉಳಿಯಲು ತಲೆಗೆ 12,000. ಎರಡು ರಾತ್ರಿಗೆ 37,000 ಅಂದರೆ ಎಚ್ಚರವಿರುವ ಒಂದೊಂದು ಗಂಟೆಗೆ ಸುಮಾರು 1,680 ರೂಪಾಯಿ. ಮೂರನೇ ರಾತ್ರಿಗೆ ಹಡಗು ಇನ್ನೂ 10,000 ಹೆಚ್ಚು ಕೇಳಿದರೂ ಗಂಟೆಗೆ 1,240ಕ್ಕೆ ಇಳಿಯುತ್ತದೆ. ನಿಮ್ಮ ದಿನಾಂಕದ ನಿಜವಾದ ದರ ಹಾಕಿ ಇದನ್ನೇ ಮಾಡಿ ನೋಡಿ.

ಆ ನಿಜವಾದ ದರ ಯಾವುದು ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ಮೊದಲ ಪುಟದಲ್ಲಿ ಕಾಣುವುದು ಕೋಣೆಯ ಮೂಲ ದರ, ಅದೂ ಇಬ್ಬರು ಹಂಚಿಕೊಂಡಾಗ ತಲೆಗೆ. ಬಂದರು ಶುಲ್ಕ, ಸಿಬ್ಬಂದಿಗೆ ಕೊಡುವ ಗ್ರಾಚ್ಯುಟಿ (ಟಿಪ್ಸ್), ಜಿಎಸ್‌ಟಿ ಅದರ ಮೇಲೆ ಬರುತ್ತವೆ. ಬಂದರು ಶುಲ್ಕ ಮಗುವಿಗೂ ಬೀಳುತ್ತದೆ. 'ಮಕ್ಕಳಿಗೆ ಉಚಿತ' ಎಂಬ ಕೊಡುಗೆ ಸಾಮಾನ್ಯವಾಗಿ ಮೂಲ ದರಕ್ಕಷ್ಟೇ. ಹಾಗಾಗಿ ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ, ಅಲ್ಲಿ ಬರುವ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಹೋಲಿಕೆ ಅದರ ಮೇಲೆ ನಡೆಯಬೇಕು. ಟಿಕೆಟ್‌ನಲ್ಲಿ ಸೇರಿರುವುದು ಕೋಣೆ, ಮುಖ್ಯ ಊಟದ ಮನೆಗಳ ಊಟ-ತಿಂಡಿ, ಈಜುಕೊಳ, ಹೆಚ್ಚಿನ ಪ್ರದರ್ಶನಗಳು. ಮದ್ಯ, ವಿಶೇಷ ರೆಸ್ಟೋರೆಂಟು, ಸ್ಪಾ, ವೈಫೈ, ದಡದ ಮೇಲಿನ ಪ್ರವಾಸ ಸೇರಿಲ್ಲ.

ನಾಲ್ವರಿಗೆ ಒಂದು ಕೋಣೆ ಸಾಕೇ? ಇದನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಬಜೆಟ್ ಇದರ ಮೇಲೇ ನಿಂತಿದೆ. ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಮಿಯಾಮಿಯಿಂದ ಬಹಾಮಾಸ್‌ಗೆ ಮೂರು-ನಾಲ್ಕು ರಾತ್ರಿಯ ಚಿಕ್ಕ ಪ್ರವಾಸಗಳಿಗೆಂದೇ ರೂಪಿಸಿದ್ದು. ಆ ಕಾಲದ ಹಡಗುಗಳಲ್ಲಿ ಮಾಮೂಲಿ ಕೋಣೆ ಬಹಳ ಸಣ್ಣದು, ಬಾಲ್ಕನಿ ಇರುವ ಕೋಣೆಗಳೂ ಕಡಿಮೆ. ಮೂರನೆಯವರು ಮತ್ತು ನಾಲ್ಕನೆಯವರು ಮಲಗುವುದು ಗೋಡೆಯಿಂದ ಬಿಚ್ಚಿಕೊಳ್ಳುವ ಮೇಲಿನ ಹಾಸಿಗೆಯಲ್ಲಿ. ರೈಲಿನ ಅಪ್ಪರ್ ಬರ್ತ್ ಇದ್ದ ಹಾಗೆ, ಏಣಿ ಹತ್ತಬೇಕು. ಮಗಳಿಗೆ ಅದು ಖುಷಿ. ಅತ್ತೆಯವರಿಗೆ ಕೆಳಗಿನ ಹಾಸಿಗೆ ಕೊಟ್ಟರೆ ನಿಮ್ಮಲ್ಲೊಬ್ಬರು ಮೇಲೆ ಹತ್ತಬೇಕು, ರಾತ್ರಿ ಯಾರೇ ಎದ್ದರೂ ನಾಲ್ವರಿಗೂ ಎಚ್ಚರ. ಎರಡು ಕೋಣೆ ತೆಗೆದುಕೊಳ್ಳಿ, ಅಕ್ಕಪಕ್ಕದ್ದು ಅಥವಾ ಎದುರುಬದುರಿನದ್ದು. ಒಂದರಲ್ಲಿ ಅಜ್ಜಿ-ಮೊಮ್ಮಗಳು, ಇನ್ನೊಂದರಲ್ಲಿ ನೀವಿಬ್ಬರು. ಖರ್ಚು ಹೆಚ್ಚುತ್ತದೆ, ನಿಜ. ಒಂದೇ ಕೋಣೆಯ ದರ ನೋಡಿ 'ಪರವಾಗಿಲ್ಲ' ಎಂದು ತೀರ್ಮಾನ ಮಾಡಿದ್ದರೆ ಈಗಲೇ ತಿದ್ದಿಕೊಳ್ಳಿ. ಬಚ್ಚಲಿನ ಬಾಗಿಲಿಗೆ ಎತ್ತರದ ಹೊಸ್ತಿಲು ಇರುತ್ತದೆ, ನೀರು ಹೊರಗೆ ಬರದಿರಲೆಂದು. ಮಂಡಿನೋವು ಇರುವವರು ಕತ್ತಲಲ್ಲಿ ಎಡವುವುದು ಅಲ್ಲೇ. ಒಂದು ಪುಟ್ಟ ಬೆಡ್‌ಲ್ಯಾಂಪ್ ಒಯ್ಯಿರಿ, ಬ್ಯಾಟರಿಯದ್ದು.

ಕಿಟಕಿ ಇಲ್ಲದ ಒಳಕೋಣೆಯೇ ಅಗ್ಗ, ಮಲಗಲಿಕ್ಕಷ್ಟೇ ಆದರೆ ಅದೇ ಸಾಕು. ಆದರೆ ಹಗಲಲ್ಲಿ ಒಂದೆರಡು ಗಂಟೆ ಮಲಗುವ ಅಭ್ಯಾಸ ಅತ್ತೆಯವರಿಗಿದ್ದರೆ ಕಿಟಕಿಯ ಕೋಣೆ ಬೇಕು, ಯಾಕೆಂದರೆ ಒಳಕೋಣೆಯಲ್ಲಿ ಬೆಳಗೋ ರಾತ್ರಿಯೋ ತಿಳಿಯದೆ ತಲೆ ಭಾರವಾಗುತ್ತದೆ. ಮುಂಬೈನಿಂದ ದಕ್ಷಿಣಕ್ಕೆ ಸಾಗುವಾಗ ಪಡುವಣ ಬಲಕ್ಕೆ ಬೀಳುತ್ತದೆ, ವಾಪಸು ಬರುವಾಗ ಎಡಕ್ಕೆ. ಸೂರ್ಯಾಸ್ತ ಯಾವ ಸಂಜೆ ಬೇಕೋ ಆ ಬದಿ ಆರಿಸಿ. ಬುಕ್ ಮಾಡುವ ಮುನ್ನ ಡೆಕ್ (ಹಡಗಿನ ಮಹಡಿ) ನಕ್ಷೆ ತೆರೆದು ನಿಮ್ಮ ಕೋಣೆಯ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಈಜುಕೊಳದ ಕೆಳಗಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಸಂಗೀತದ ಹಾಲಿನ ಪಕ್ಕದಲ್ಲಿದ್ದರೆ ನಡುರಾತ್ರಿಯವರೆಗೆ ಡಬಡಬ. ಮೇಲೂ ಕೆಳಗೂ ಕೋಣೆಗಳೇ ಇರುವ ಮಹಡಿ, ಹಡಗಿನ ನಡುಭಾಗ, ಅದು ಸರಿಯಾದ ಜಾಗ. ಅಲುಗಾಟವೂ ಅಲ್ಲೇ ಕಡಿಮೆ: ಹಡಗು ಏತದ ಹಾಗೆ ಮುಂದೆ-ಹಿಂದೆ ಏರಿಳಿಯುವಾಗ ತುದಿಗಳು ಹೆಚ್ಚು ಚಲಿಸುತ್ತವೆ, ನಡು ಹೆಚ್ಚು ಕಡಿಮೆ ನಿಂತಲ್ಲೇ ಇರುತ್ತದೆ. ಪಕ್ಕಕ್ಕೆ ಹೊರಳುವುದನ್ನು ತಡೆಯಲು ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಜರುಗಳಿರುತ್ತವೆ. ಅವು ಹಡಗು ವೇಗದಲ್ಲಿದ್ದಾಗ ಕೆಲಸ ಮಾಡುತ್ತವೆ, ನಿಧಾನವಾದಾಗ ಅವುಗಳ ಹಿಡಿತ ಕಡಿಮೆ.

ಡಿಸೆಂಬರಿನಲ್ಲಿ ಅರಬ್ಬೀ ಸಮುದ್ರ ಸಾಮಾನ್ಯವಾಗಿ ಶಾಂತ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್ ಈ ಕರಾವಳಿಗೆ ಸಲ್ಲ. ಆದರೂ ಮಡಿಕೇರಿ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವವರು ಮನೆಯಲ್ಲಿದ್ದರೆ ಮಾತ್ರೆ ಇರಲಿ. ಅವೋಮಿನ್‌ನಂಥ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮುಂಚೆ ತೆಗೆದುಕೊಂಡರೆ ಉಪಯೋಗ. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಅನುಮಾನ. ಈ ಮಾತ್ರೆಯಿಂದ ತೂಕಡಿಕೆ ಬರುತ್ತದೆ. ಅತ್ತೆಯವರಿಗೆ ಗ್ಲಕೋಮಾ ಇದ್ದರೆ ಅಥವಾ ಬೇರೆ ಮಾತ್ರೆಗಳು ನಡೆಯುತ್ತಿದ್ದರೆ, ಮಗಳಿಗೆ ಎಷ್ಟು ಕೊಡಬೇಕೆಂಬುದಕ್ಕೂ, ವೈದ್ಯರನ್ನು ಮೊದಲೇ ಕೇಳಿ. ಖಾಲಿ ಹೊಟ್ಟೆ ಒಳ್ಳೆಯದಲ್ಲ. ಒಣ ಬ್ರೆಡ್ಡು, ಶುಂಠಿ, ಡೆಕ್ಕಿನ ಗಾಳಿ, ದೂರದ ದಿಗಂತದ ಮೇಲೆ ಕಣ್ಣು. ಕೋಣೆಯೊಳಗೆ ಮೊಬೈಲ್ ನೋಡುತ್ತಾ ಮಲಗಿದರೆ ಹೆಚ್ಚುತ್ತದೆ.

ಈಗ ದಾರಿ. ಚಿಕ್ಕ ಪ್ರವಾಸಗಳಲ್ಲಿ ಮೂರು ಬಗೆ ಇವೆ, ಹೆಸರು ನೋಡಿ ಮೋಸಹೋಗಬೇಡಿ. ಎಲ್ಲೂ ನಿಲ್ಲದೆ ಸಮುದ್ರದಲ್ಲಿ ಸುತ್ತಿ ಮುಂಬೈಗೇ ಮರಳುವುದು, ಗೋವಾಕ್ಕೆ ಹೋಗಿ ಮರಳುವುದು, ಗೋವಾದಲ್ಲಿ ಇಳಿದುಬಿಡುವುದು. ಮುಂಬೈನಿಂದ ಗೋವಾದ ಮೊರ್ಮುಗಾವ್ ಬಂದರು ಸುಮಾರು 230 ನಾಟಿಕಲ್ ಮೈಲಿ, ಅಂದರೆ 425 ಕಿಲೋಮೀಟರ್. 14 ನಾಟ್ (ಗಂಟೆಗೆ 14 ನಾಟಿಕಲ್ ಮೈಲಿ) ವೇಗದಲ್ಲಿ 16-17 ಗಂಟೆ. ಗೋವಾಕ್ಕೆ ಹೋಗಿ ಮರಳುವ ಹಡಗಿನಲ್ಲಿ ಗೋವಾ ನೋಡುವ ಆಸೆ ಇಟ್ಟುಕೊಳ್ಳಬೇಡಿ. ಹಡಗು ನಿಲ್ಲುವುದು ವಾಸ್ಕೋ ಪಕ್ಕದಲ್ಲಿ. ಅಲ್ಲಿಂದ ಪಣಜಿ ಸುಮಾರು 30 ಕಿಲೋಮೀಟರ್, ಕಲಂಗುಟ್ ಇನ್ನೂ ಆಚೆ. ಟ್ಯಾಕ್ಸಿ ಹಿಡಿದು ಹೋಗಿ, ಹಡಗು ಬಿಡುವ ಒಂದೆರಡು ಗಂಟೆ ಮುಂಚೆ ವಾಪಸಾಗಬೇಕು. ಹಳೇ ಗೋವಾದ ಚರ್ಚುಗಳು ಅಥವಾ ಒಂದು ಕಡಲತೀರ, ಯಾವುದಾದರೂ ಒಂದೇ ಆರಿಸಿ.

ನಮ್ಮ ಕಡೆಯವರಿಗೆ ಒಂದು ಕಡೆಯ ಪ್ರಯಾಣ ಚೆನ್ನಾಗಿ ಒಪ್ಪುತ್ತದೆ ಎನ್ನಲು ಕಾರಣ ರೈಲು. ಗೋವಾದಲ್ಲಿ ಇಳಿದು ಎರಡು ದಿನ ನಿಧಾನವಾಗಿ ಸುತ್ತಿ, ವಾಸ್ಕೋದಿಂದ ಹುಬ್ಬಳ್ಳಿ ದಾರಿಯಾಗಿ ಯಶವಂತಪುರಕ್ಕೆ ಬರುವ ರೈಲು ಹಿಡಿಯಬಹುದು. ಮುಂಬೈಗೆ ಮರಳುವ ಪ್ರಯಾಣವೂ ಅಲ್ಲಿಂದ ವಿಮಾನದ ಖರ್ಚೂ ತಪ್ಪುತ್ತವೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಯವರಿಗಂತೂ ಗೋವಾ ಅಂಗಳದಲ್ಲೇ ಇದೆ. ಅವರು ಗೋವಾದಲ್ಲಿ ಹತ್ತಿ ಮುಂಬೈನಲ್ಲಿ ಇಳಿಯುವ ದಿನಾಂಕವನ್ನೂ ಹುಡುಕಲಿ.

ಹತ್ತುವ ದಿನ ಬೆಂಗಳೂರಿನಿಂದ ಹೊರಡಬೇಡಿ. ವಿಮಾನ ಎರಡು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ, ದುಡ್ಡೂ ಮರಳುವುದಿಲ್ಲ. ಹಿಂದಿನ ದಿನವೇ ಮುಂಬೈ ಸೇರಿ. ಉದ್ಯಾನ್ ಎಕ್ಸ್‌ಪ್ರೆಸ್ ಸುಮಾರು 24 ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಇಳಿಸುವುದು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಲ್ಲಿ. ಬಲ್ಲಾರ್ಡ್ ಪಿಯರ್‌ನ ಕ್ರೂಸ್ ಟರ್ಮಿನಲ್ ಅಲ್ಲಿಂದ ಎರಡು ಕಿಲೋಮೀಟರ್ ಒಳಗೆ. ಉಳಿಯಲು ಫೋರ್ಟ್ ಅಥವಾ ಸಿಎಸ್‌ಎಂಟಿ ಸುತ್ತಮುತ್ತ ನೋಡಿ, ದೂರದ ಅಂಧೇರಿ ಬೇಡ. ವಿಮಾನದಲ್ಲಿ ಬರುವುದಾದರೆ ಈಗ ಅಲ್ಲಿ ಎರಡು ವಿಮಾನ ನಿಲ್ದಾಣ ಇವೆ, ಟಿಕೆಟ್ ನವಿ ಮುಂಬೈಗಲ್ಲ ತಾನೆ ಎಂದು ನೋಡಿಕೊಳ್ಳಿ. ಹಳೆಯ ನಿಲ್ದಾಣದಿಂದ ಮೆಟ್ರೋ 3ನೇ ಮಾರ್ಗ ನೇರ ಸಿಎಸ್‌ಎಂಟಿಗೆ ಬರುತ್ತದೆ.

ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ, ಬೋರ್ಡಿಂಗ್ ಪಾಸ್ ಮುದ್ರಿಸಿಕೊಳ್ಳಿ. ಮಗಳಿಗೂ ಮೂಲ ಗುರುತಿನ ಚೀಟಿ ಬೇಕು. ದೊಡ್ಡ ಪೆಟ್ಟಿಗೆಗಳನ್ನು ಟರ್ಮಿನಲ್ಲಿನಲ್ಲಿ ಕೊಟ್ಟರೆ ಕೋಣೆಗೆ ಬರಲು ಕೆಲವು ಗಂಟೆ ಬೇಕು, ಆದ್ದರಿಂದ ಮಾತ್ರೆ, ಈಜುಡುಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಪುಳಿಯೋಗರೆ, ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋದರೆ ತಪಾಸಣೆಯಲ್ಲೇ ಉಳಿಯುತ್ತದೆ. ಹೊರಗಿನ ಊಟವನ್ನು ಹಡಗುಗಳು ಬಿಡುವುದಿಲ್ಲ. ಇಸ್ತ್ರಿಪೆಟ್ಟಿಗೆ, ಕೆಟಲ್ ಕೂಡ ಅಷ್ಟೇ, ಬೆಂಕಿಯ ಭಯದಿಂದ. ಊಟದ ಚಿಂತೆ ಬೇಡ, ಸಸ್ಯಾಹಾರಿ ಮತ್ತು ಜೈನ ಊಟ ಸಿಗುತ್ತದೆ. ಆದರೆ ರುಚಿ ಉತ್ತರದ ಕಡೆಯದ್ದು ಹೆಚ್ಚು, ನಮ್ಮ ಸಾರು-ಹುಳಿಯನ್ನು ನಿರೀಕ್ಷಿಸಬೇಡಿ. ಬಫೆ ತೆರೆದ ಮೊದಲ ಅರ್ಧ ಗಂಟೆ ಬಿಟ್ಟು ಹೋದರೆ ಸಾಲು ಕರಗಿರುತ್ತದೆ.

ಹೊರಡುವ ಹೊತ್ತಿಗೆ ತಪ್ಪದೆ ಮೇಲಿನ ಡೆಕ್ಕಿನಲ್ಲಿರಿ. ದಕ್ಷಿಣ ಮುಂಬೈಯ ಕಟ್ಟಡಗಳು ಹಿಂದೆ ಸರಿದು, ಕೊಲಾಬದ ತುದಿಯಾಚೆ ನೀರಲ್ಲಿ ನಿಂತಿರುವ ಪ್ರಾಂಗ್ಸ್ ದೀಪಸ್ತಂಭ ದಾಟುವ ಆ ಒಂದು ಗಂಟೆ ಇಡೀ ಪ್ರವಾಸದಲ್ಲೇ ಚೆಂದದ್ದು. ಈಜುಕೊಳಕ್ಕೆ ಬೆಳಿಗ್ಗೆ 7-8ಕ್ಕೆ ಮಗಳನ್ನು ಇಳಿಸಿ, ಸಂಜೆ ಅದು ತುಂಬಿ ತುಳುಕುತ್ತದೆ. ಫೋನನ್ನು ಹಡಗು ಹೊರಟ ಕೂಡಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಕೆಲವು ಹಡಗುಗಳಲ್ಲಿ ಉಪಗ್ರಹದ ಮೊಬೈಲ್ ಜಾಲ ಇರುತ್ತದೆ, ಫೋನು ತಾನಾಗಿ ಅದಕ್ಕೆ ಅಂಟಿಕೊಂಡರೆ ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ನಿಮ್ಮ ಮಾಮೂಲಿ ಪ್ಲಾನ್ ಅಲ್ಲಿ ನಡೆಯುವುದಿಲ್ಲ.

ಅತ್ತೆಯವರ ವಿಷಯದಲ್ಲಿ ಒಂದು ಮಾತು, ಕ್ರೂಸಿನ ಪರವಾಗಿ. ಹೆಚ್ಚು ನಡೆಯಲಾಗದ ಹಿರಿಯರಿಗೆ ಇಷ್ಟು ಅನುಕೂಲದ ಪ್ರವಾಸ ಬೇರೆ ಕಡಿಮೆ. ದಿನಾ ಪೆಟ್ಟಿಗೆ ಕಟ್ಟಬೇಕಿಲ್ಲ, ಬಿಸಿಲಲ್ಲಿ ಕಾಯಬೇಕಿಲ್ಲ, ಊಟ ಒಂದೇ ಲಿಫ್ಟಿನ ದೂರ, ಬೇಸರವಾದರೆ ಕೋಣೆಗೆ ಹೋಗಿ ಮಲಗಬಹುದು. ಅವರ ಸಲುವಾಗಿ ವಾರದ ನಡುವಿನ ದಿನಾಂಕ ನೋಡಿ. ಶುಕ್ರವಾರ ಹೊರಡುವವುಗಳಲ್ಲಿ ಪಾರ್ಟಿಯ ಗುಂಪುಗಳು ಹೆಚ್ಚು, ದರವೂ ಹೆಚ್ಚು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಬಿಟ್ಟುಬಿಡಿ. ಲಕ್ಷದ್ವೀಪದ ದೀರ್ಘ ಪ್ರವಾಸವನ್ನು ಯಾರಾದರೂ ಒತ್ತಾಯಿಸಿದರೆ ನೆನಪಿರಲಿ: ಅಲ್ಲಿ ಹಡಗು ದಡಕ್ಕೆ ಹತ್ತುವುದಿಲ್ಲ, ತೂಗಾಡುವ ಚಿಕ್ಕ ದೋಣಿಗೆ ಇಳಿಯಬೇಕು, ಅಲೆ ಹೆಚ್ಚಿದ್ದರೆ ಇಳಿಯುವುದೇ ರದ್ದು.

ಮುಂಬೈ ದೂರವೆನಿಸಿದರೆ ಚೆನ್ನೈ ದಿನಾಂಕಗಳಿಗೆ ಕಾಯಿರಿ. ಪಡುವಣ ಕರಾವಳಿಯಲ್ಲಿ ಮಳೆ ಹಿಡಿದಾಗ ಎಂಪ್ರೆಸ್ ಈಚಿನ ವರ್ಷಗಳಲ್ಲಿ ಚೆನ್ನೈಯಿಂದಲೂ ಹೊರಟಿದೆ. ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದರೆ ಐದು ಗಂಟೆಯೊಳಗೆ ಚೆನ್ನೈ. ವಿಮಾನದ ಖರ್ಚೇ ಇಲ್ಲದ್ದರಿಂದ ಅಲ್ಲಿ ಎರಡು ರಾತ್ರಿಯದ್ದಕ್ಕೂ ನನ್ನ ಒಪ್ಪಿಗೆ ಇದೆ. ಶ್ರೀಲಂಕಾಗೆ ಹೋಗುವಂಥದ್ದಾದರೆ ಪಾಸ್‌ಪೋರ್ಟು ಬೇಕು.

ಹಣ ಕಟ್ಟುವ ಮುನ್ನ ರದ್ದತಿಯ ನಿಯಮ ಓದಿ: ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಎಷ್ಟು ಹೋಗುತ್ತದೆ, ದಿನಾಂಕ ಬದಲಿಸಬಹುದೇ, ಹವಾಮಾನದಿಂದ ಗೋವಾ ನಿಲುಗಡೆ ಬಿಟ್ಟುಹೋದರೆ ಏನು ಮರಳುತ್ತದೆ. ದಾರಿ ಬದಲಿಸುವ ಹಕ್ಕನ್ನು ಎಲ್ಲ ಹಡಗು ಕಂಪನಿಗಳೂ ಇಟ್ಟುಕೊಂಡಿರುತ್ತವೆ. ಇನ್ನು ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಲು ಹೇಳುತ್ತಾರೆ, ಬೆಳಿಗ್ಗೆ ಅವು ದಡದಲ್ಲೇ ಸಿಗುವುದು. ಮರುದಿನ ಉಡುವ ಬಟ್ಟೆ, ಚಪ್ಪಲಿ, ಅತ್ತೆಯವರ ಬೆಳಗಿನ ಮಾತ್ರೆ ತೆಗೆದಿಟ್ಟುಕೊಂಡ ಮೇಲೆ ಬೀಗ ಹಾಕಿ.