ಲೇಸರ್ ಪ್ರೊಜೆಕ್ಟರ್ ತರೋ ಮುಂಚೆ ಕ್ಯಾಬಿನ್ ನೋಡಿ

ಪ್ರಶ್ನೆ: ಮಂಡ್ಯ ಹತ್ತಿರ ನಮ್ಮದೊಂದು ಹಳೇ ಟಾಕೀಸ್ ಇದೆ, ಒಂದೇ ಪರದೆ. ಕ್ಸೆನಾನ್ ಲ್ಯಾಂಪಿನ 2ಕೆ ಪ್ರೊಜೆಕ್ಟರ್ ಹಳತಾಗಿದೆ, ಲ್ಯಾಂಪಿನ ಖರ್ಚೇ ಜಾಸ್ತಿ. ಲೇಸರ್ ಹಾಕಿದರೆ ಆ ತಲೆನೋವೇ ಇರಲ್ಲ ಅಂತ ಮಾರುವವರು ಹೇಳುತ್ತಾರೆ. ಪರದೆ 40 ಅಡಿ ಅಗಲ, 3ಡಿಗೆ ಅಂತ ಹಾಕಿಸಿದ ಸಿಲ್ವರ್ ಸ್ಕ್ರೀನ್. ನಂಬಬಹುದಾ?
— ಟಾಕೀಸ್ ಮಾಲೀಕರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಲ್ಯಾಂಪಿನ ಮಾತು ನಿಜ ಸ್ವಾಮಿ. ಮೈಸೂರಿನ ಪ್ರೊಜೆಕ್ಟರ್ ಕ್ಯಾಬಿನ್‌ಗಳಲ್ಲಿ ಮುಖಕ್ಕೆ ಶೀಲ್ಡ್, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ಎಷ್ಟು ಸಲ ಕ್ಸೆನಾನ್ ಲ್ಯಾಂಪ್ ಬದಲಿಸಿದ್ದೇನೋ, ಒಳಗಿನ ಗ್ಯಾಸ್ ಒತ್ತಡಕ್ಕೆ ಎಲ್ಲಿ ಸಿಡಿಯುತ್ತೋ ಅನ್ನೋ ಭಯ ಪ್ರತಿ ಸಲವೂ ಇತ್ತು. ಲೇಸರ್‌ನಲ್ಲಿ ಅದಿಲ್ಲ. ಆದರೆ 20,000 ಗಂಟೆ ಬಾಳಿಕೆ ಅಂತ ಬರೆದಿದ್ದರೆ, ಅಷ್ಟೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಅಂತ ಓದಿಕೊಳ್ಳಿ. ದಿನಕ್ಕೆ 12 ಗಂಟೆ ಓಡಿಸಿದರೆ ಅದು ನಾಲ್ಕೂವರೆ ವರ್ಷ.

ಬೆಳಕಿನ ಲೆಕ್ಕ ನೀವೇ ಹಾಕಿ, ಮಾರುವವರಿಗೆ ಬಿಡಬೇಡಿ. ಪರದೆಯ ನಡುವೆ 14 ಫುಟ್‌ಲ್ಯಾಂಬರ್ಟ್ (ಪರದೆ ಎಷ್ಟು ಹೊಳೆಯುತ್ತದೆ ಅನ್ನೋದರ ಅಳತೆ) ಇರಬೇಕು ಅನ್ನೋದು ಡಿಸಿಐ, ಅಂದರೆ ಹಾಲಿವುಡ್ ಸ್ಟುಡಿಯೋಗಳು ಸೇರಿ ಮಾಡಿದ ಡಿಜಿಟಲ್ ಸಿನಿಮಾ ನಿಯಮ. ಅಗಲವಾದ ಸ್ಕೋಪ್ ಚಿತ್ರಕ್ಕೆ ನಿಮ್ಮ ಪರದೆ 40 ಅಡಿಗೆ ಸುಮಾರು 17 ಅಡಿ, ಅಂದರೆ 680 ಚದರಡಿ. ಮಾಮೂಲಿ ಬಿಳಿ ಪರದೆಯಾದರೆ 14ರಿಂದ ಗುಣಿಸಿ, 9,520 ಲ್ಯೂಮೆನ್ ಬೆಳಕು ಪರದೆಗೇ ಮುಟ್ಟಬೇಕು. ಸ್ಕೋಪ್‌ನಲ್ಲಿ ಪ್ರೊಜೆಕ್ಟರ್ ಒಳಗೆ ಚಿತ್ರ ಮೂಡಿಸೋ ಚಿಪ್ಪಿನ 1080 ಸಾಲುಗಳ ಪೈಕಿ 858 ಮಾತ್ರ ಕೆಲಸ ಮಾಡೋದರಿಂದ ಮೆಷಿನ್ ಲೆಕ್ಕಕ್ಕೆ ಅದು 12,000 ಆಗುತ್ತದೆ. ಕ್ಯಾಬಿನ್ ಕಿಂಡಿಯ ಗಾಜು ನುಂಗೋ ಬೆಳಕು, ಲೇಸರ್ ಹಳತಾಗೋದು ಸೇರಿಸಿ 15,000ಕ್ಕಿಂತ ಕಡಿಮೆಯದು ಬೇಡ. ಸಿಲ್ವರ್ ಸ್ಕ್ರೀನ್‌ಗೆ ಇಷ್ಟು ಬೇಕಾಗಲ್ಲ, ಆದರೆ ಅದು ನಡುವೆ ಮಾತ್ರ ಹೊಳೆದು ಪಕ್ಕದ ಸೀಟಿನವರಿಗೆ ಮಂಕಾಗಿ ಕಾಣುತ್ತದೆ. ಕೆಂಪು, ಹಸಿರು, ನೀಲಿ ಮೂರೂ ಲೇಸರ್ ಇರೋ ಆರ್‌ಜಿಬಿ ಮೆಷಿನ್ ಆದರೆ ಬಿಳಿ ಸೀನುಗಳಲ್ಲಿ ಸಣ್ಣ ಮರಳಿನ ಹಾಗೆ ಮಿನುಗುತ್ತದೆ ಕೂಡ. 3ಡಿ ವರ್ಷಕ್ಕೊಂದೋ ಎರಡೋ ಅಷ್ಟೇ ಅಂದರೆ ಪರದೆಯನ್ನೂ ಬದಲಿಸಿ.

ಇನ್ನು ಕ್ಯಾಬಿನ್. ನನಗೆ ನಿಜವಾಗಿ ಚಿಂತೆ ಇರೋದು ಇಲ್ಲೇ. ಲ್ಯಾಂಪಿನ ಶಾಖ ಎಕ್ಸಾಸ್ಟ್ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು, ಬಹಳಷ್ಟು ಲೇಸರ್ ಮೆಷಿನ್‌ಗಳು ಅದನ್ನು ರೂಮಿನೊಳಗೇ ಬಿಡುತ್ತವೆ. ಎ.ಸಿ. ಇಲ್ಲದೆ ನಡೆಯಲ್ಲ. ನಿಮ್ಮ ಜಿಲ್ಲೆಯದೇ ಒಂದು ಟಾಕೀಸ್‌ನಲ್ಲಿ ಹೊಸ ಪ್ರೊಜೆಕ್ಟರ್ ಇಂಟರ್‌ವಲ್‌ಗೂ ಮುಂಚೆ ಬಿಸಿ ಅಂತ ನಿಂತುಬಿಡುತ್ತಿತ್ತು. ಹೋಗಿ ಫಿಲ್ಟರ್ ಎಳೆದು ನೋಡಿದೆ, ಕಂಬಳಿ ಹಾಗೆ ಕಪ್ಪಗೆ ಮಸಿ ಕಟ್ಟಿತ್ತು, ಬೆರಳಿಟ್ಟರೆ ಅಂಟುತ್ತಿತ್ತು. ಕಿಟಕಿ ತೆಗೆದರೆ ಎದುರಿಗೇ ಆಲೆಮನೆ! ಕಿಟಕಿಗೆ ಬೀಡಿಂಗ್ ಹೊಡೆಸಿ ಮುಚ್ಚಿದ ಮೇಲೇ ಸರಿಹೋಯಿತು. ಬೆಲ್ಲದ ಸೀಸನ್‌ನಲ್ಲಿ ವಾರಕ್ಕೊಮ್ಮೆ ಫಿಲ್ಟರ್ ನೋಡಿಸಿ.

ಕರೆಂಟ್ ಹೋಗಿ ಬಂದಾಗ ಲೇಸರ್ ತಕ್ಷಣ ಹತ್ತಿಕೊಳ್ಳುತ್ತದೆ, ಸಿನಿಮಾ ಫೈಲ್ ಓಡಿಸೋ ಸರ್ವರ್ ಮಾತ್ರ ಮತ್ತೆ ಏಳಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಗಾಂಧಿ ಕ್ಲಾಸ್‌ನವರು ಸುಮ್ನೆ ಕೂರ್ತಾರಾ? ಜನರೇಟರ್ ಇದ್ದರೂ ಸರ್ವರ್‌ಗೆ ಯುಪಿಎಸ್ ಹಾಕಿಸಿ. ಅರ್ತಿಂಗ್ ಕೂಡ ಹೊಸದಾಗಿ ಮಾಡಿಸಿ.

ಕೊನೆಯದು, ಎಲ್ಲರೂ ಮರೆಯೋದು. ಸಿನಿಮಾದ ಬೀಗ ತೆರೆಯೋ ಡಿಜಿಟಲ್ ಕೀ, ಅದೇ ಕೆಡಿಎಂ, ನಿಮ್ಮ ಸರ್ವರ್‌ನ ಸರ್ಟಿಫಿಕೇಟಿಗೆ, ಅಂದರೆ ಅದರ ಡಿಜಿಟಲ್ ಗುರುತಿಗೆ, ಅಂಟಿಕೊಂಡಿರುತ್ತದೆ. ಪ್ರೊಜೆಕ್ಟರ್ ಜೊತೆ ಸರ್ವರ್ ಬದಲಾದರೆ ಹಳೇ ಕೀ ತೆರೆಯಲ್ಲ. ಹೊಸ ಸರ್ಟಿಫಿಕೇಟ್ ಕೀ ಕೊಡುವವರಿಗೆ ಮೊದಲೇ ಕಳಿಸಿ, ಅವರು ಹಾಕಿಕೊಂಡರಾ ಅಂತ ಫೋನ್ ಮಾಡಿ ಕೇಳಿ. ದೊಡ್ಡ ಹೀರೋ ಸಿನಿಮಾ ಇಲ್ಲದ ವಾರ ನೋಡಿ ಮೆಷಿನ್ ಇಳಿಸಿಕೊಳ್ಳಿ. ಶುಕ್ರವಾರ ಬೆಳಗ್ಗೆ ಹೌಸ್‌ಫುಲ್ ಬೋರ್ಡ್ ಹಾಕಿದ ಮೇಲೆ ಕೀ ತೆರೀತಿಲ್ಲ ಅಂತ ಆಪರೇಟರ್ ಓಡಿಬಂದರೆ ಆಗ ಯಾರೂ ಏನೂ ಮಾಡೋಕಾಗಲ್ಲ.