ಐದು ಸಲ ಅಳೆದರೆ ಐದು ಉತ್ತರ, ಸರಿಯಾದ ರೀಡಿಂಗ್ ಯಾವುದು?

ಲೋಲಕ ತೂಗಾಡುವ ಕಾಲ ಅಳೆದು ಗುರುತ್ವದ ಬೆಲೆ (g) ಕಂಡುಹಿಡಿಯುವ ಪ್ರಯೋಗದಲ್ಲಿ ಐದು ಸಲ ಅಳೆದರೂ ಒಂದೇ ಉತ್ತರ ಬರುತ್ತಿಲ್ಲ, ಎರರ್ ಅಂದರೆ ನನ್ನ ತಪ್ಪಾ ಅಂತ ಕೇಳಿದ್ದೀರಿ. ಅಲ್ಲ. ನಾನು ಕೆಲವು ವರ್ಷ ಡಿಗ್ರಿ ಮಕ್ಕಳಿಗೆ ಈ ಲ್ಯಾಬ್ ಮಾಡಿಸಿದ್ದೇನೆ, ಹೆಚ್ಚುಕಮ್ಮಿ ಪ್ರತಿ ಬ್ಯಾಚಿನಲ್ಲೂ ಇದೇ ಗೊಂದಲ. ಒಂದು ನಿಜವಾದ ಸಂಖ್ಯೆ ಎಲ್ಲೋ ಅಡಗಿ ಕೂತಿದೆ, ಕೈ ಪಳಗಿದ್ದರೆ ಒಂದೇ ಏಟಿಗೆ ಸಿಗುತ್ತದೆ, ಉಳಿದ ರೀಡಿಂಗ್ ಎಲ್ಲ ದಂಡ ಅನ್ನೋ ಭಾವನೆ. ಕೇಪ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಎರಡು ಬಗೆಯಾಗಿ ನೋಡುತ್ತಾರೆ: ಪ್ರತಿ ರೀಡಿಂಗೂ ಒಂಟಿ ಚುಕ್ಕೆ ಅನ್ನೋದು ಒಂದು, ಎಲ್ಲ ಸೇರಿ ಒಂದು ಗುಂಪು ಅನ್ನೋದು ಇನ್ನೊಂದು. ಸರಾಸರಿ ತೆಗೆಯಲು ಎಲ್ಲರಿಗೂ ಬರುತ್ತದೆ. ಆದರೆ ಸರಾಸರಿ ಸಿಕ್ಕಿದ ಕೂಡಲೇ ಅದನ್ನೇ ಮತ್ತೆ ಒಂಟಿ ಚುಕ್ಕೆ ಮಾಡಿಕೊಂಡು, ರೀಡಿಂಗ್‌ಗಳು ಎಷ್ಟು ಹರಡಿದ್ದವು ಅನ್ನೋದನ್ನು ಮರೆತುಬಿಡುತ್ತಾರೆ.

ಒಂದು ಮೀಟರ್ ಲೋಲಕ ತಗೊಳ್ಳಿ. 20 ಆಂದೋಲನಕ್ಕೆ (ಹೋಗಿ ವಾಪಸ್ ಬಂದರೆ ಒಂದು) 40.1, 40.4, 40.2, 40.0, 40.3 ಸೆಕೆಂಡ್ ಬಂತು ಅಂದುಕೊಳ್ಳಿ. ಸ್ಟಾಪ್‌ವಾಚ್ 0.01 ಸೆಕೆಂಡ್ ತೋರಿಸುತ್ತದೆ ನಿಜ, ಆದರೆ ಅದನ್ನು ಒತ್ತುವ ಹೆಬ್ಬೆರಳು ಅಷ್ಟು ಚುರುಕಿಲ್ಲ, ಅಲ್ವಾ? ಆಚೆ ಈಚೆ 0.2 ಸೆಕೆಂಡ್ ಇದ್ದೇ ಇದೆ. 40ರಲ್ಲಿ 0.2 ಅಂದರೆ ಶೇ. 0.5. ಸೂತ್ರದಲ್ಲಿ (g = 4π² × ಉದ್ದ ÷ ಒಂದು ಆಂದೋಲನದ ಕಾಲದ ವರ್ಗ) ಕಾಲದ ವರ್ಗ ಇರುವುದರಿಂದ ಗುರುತ್ವದ ಬೆಲೆಯಲ್ಲಿ ಅದು ಎರಡರಷ್ಟು, ಅಂದರೆ ಶೇ. 1 ಆಗುತ್ತದೆ. ಕ್ಯಾಲ್ಕುಲೇಟರ್ 9.7716 ಅಂದರೂ ನೀವು ಬರೆಯಬೇಕಾದದ್ದು 9.8 ± 0.1 m/s², ಅಂದರೆ 9.8ರ ಆಚೆ ಈಚೆ 0.1. ಒಂದೇ ಆಂದೋಲನ ಅಳೆದಿದ್ದರೆ ಅದೇ ಹೆಬ್ಬೆರಳಿನಿಂದ 2 ಸೆಕೆಂಡಿನಲ್ಲಿ 0.2, ಅಂದರೆ ಗುರುತ್ವದಲ್ಲಿ ± 2 ಬರುತ್ತಿತ್ತು! 20 ಎಣಿಸಿ ಅನ್ನುವುದು ಇದಕ್ಕೇ. ರೆಕಾರ್ಡಿನಲ್ಲಿ ಸುಮ್ನೆ 'ಹ್ಯೂಮನ್ ಎರರ್' ಅಂತ ಬರೆದರೆ ಏನೂ ಹೇಳಿದ ಹಾಗಾಗಲ್ಲ.

ನಿಜವಾದ ತಪ್ಪು ಬೇರೆ, ಅದನ್ನು ನಾನೇ ಮಾಡಿದ್ದೇನೆ. ಓದುವಾಗ ನನಗೆ 10.8 ಬಂದಿತ್ತು. ರಬ್ಬರಿನಲ್ಲಿ ಉಜ್ಜಿ, ಪಕ್ಕದವನ ರೆಕಾರ್ಡ್ ನೋಡಿ 9.8 ಬರುವ ಹಾಗೆ ಹಿಂದಿನಿಂದ ಲೆಕ್ಕ ಕಟ್ಟಿದೆ. ವಿಚಿತ್ರ ಅಂದರೆ ನನ್ನ ಐದೂ ರೀಡಿಂಗ್ 38.2ರ ಆಸುಪಾಸಿನಲ್ಲೇ ಒತ್ತಾಗಿ ಕೂತಿದ್ದವು, ಅಳತೆ ಬಹಳ ಚೆನ್ನಾಗಿದೆ ಅಂತ ಯಾರಾದರೂ ಹೇಳಬೇಕು, ಹಾಗೆ. ಲೋಲಕದ ಗುಂಡನ್ನು ಕೈಬಿಟ್ಟ ಕ್ಷಣಕ್ಕೇ ನಾನು 'ಒಂದು' ಅನ್ನುತ್ತಿದ್ದೆ. 'ಸೊನ್ನೆ' ಅನ್ನಬೇಕಿತ್ತು. ಎಣಿಸಿದ್ದು 19, ಬರೆದದ್ದು 20. ಇಂಥದ್ದಕ್ಕೆ ನೂರು ಸಲ ಸರಾಸರಿ ತೆಗೆದರೂ ಪ್ರಯೋಜನ ಇಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ, ಒಬ್ಬ ಹುಡುಗಿ ಅದೇ 10.8 ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಾಗ. ಅವಳು ಉಜ್ಜಿರಲಿಲ್ಲ.

ನಿಮ್ಮ ಐದೂ ರೀಡಿಂಗ್ ಇಲ್ಲಿ ಹಾಕಿ, ದಾರದ ಉದ್ದ ಎಲ್ಲಿಂದ ಎಲ್ಲಿವರೆಗೆ ಅಳೆದಿರಿ ಅನ್ನೋದನ್ನೂ ಬರೆಯಿರಿ. ಗುಂಡಿನ ಮಧ್ಯದವರೆಗೆ ತಾನೇ?