ಕೈಗಡಿಯಾರದಿಂದ ಶುರು ಮಾಡಿ

ನಮಸ್ಕಾರ.

ವೇಲ್ಸ್‌ನ ಬ್ಲೇನಾವನ್ ಊರಿನ ಬಿಗ್ ಪಿಟ್ ಕಲ್ಲಿದ್ದಲು ಗಣಿಯನ್ನು ನೋಡಿಬಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ಬರೀ ವೀಸಾ, ವಿಮಾನ, ಕಾರ್ಡಿಫ್‌ನ ಮಳೆ, ನೆಂಟರ ಮನೆ ಊಟ. ಎಲ್ಲ ತೆಗೆಯಿರಿ. ನಾನು ನೆಟ್ಟಗೆ ಕೂತು ಓದಿದ್ದು ಮೂರನೇ ಪುಟದಲ್ಲಿ: ‘ಕೆಳಗಿಳಿಯುವ ಮೊದಲು ಕೈಗಡಿಯಾರ, ಮೊಬೈಲ್ ಒಪ್ಪಿಸಿದೆವು.’ ಅಷ್ಟಕ್ಕೇ ಮುಗಿಸಿದ್ದೀರಿ. ಯಾಕೆ ಒಪ್ಪಿಸಿದಿರಿ? ಕಲ್ಲಿದ್ದಲಿನ ಪದರಗಳಿಂದ ಮೀಥೇನ್ ಎಂಬ ಉರಿಯುವ ಅನಿಲ ಸೋರುತ್ತದೆ. ಅದು ಗಾಳಿಯಲ್ಲಿ ಸೇರಿಕೊಂಡರೆ ಸ್ಫೋಟಕ್ಕೆ ಬ್ಯಾಟರಿಯ ಸಣ್ಣ ಕಿಡಿಯೂ ಸಾಕು. ವಸ್ತುಸಂಗ್ರಹಾಲಯವಾಗಿ ನಾಲ್ಕು ದಶಕವಾದರೂ ಒಳಗೆ ನಡೆಯುವುದು ಗಣಿಯ ಕಟ್ಟಳೆಯೇ. ಲೇಖನ ಅಲ್ಲಿಂದಲೇ ಶುರುವಾಗಲಿ.

ಆಳ 300 ಮೀಟರ್ ಎಂದಿದ್ದೀರಿ. ಅದು 300 ಅಡಿ, ಅಂದರೆ ಸುಮಾರು 90 ಮೀಟರ್. ತಿದ್ದಿಕೊಳ್ಳಿ.

‘ದೀಪ ಆರಿಸಿದಾಗಿನ ಕತ್ತಲೆ ವರ್ಣನಾತೀತ’ ಎಂದು ಬರೆದಿದ್ದೀರಿ. ವರ್ಣಿಸಲಿ ಎಂದೇ ಅಲ್ಲವೇ ಓದುಗರು ನಿಮ್ಮ ಜೊತೆ ಇಳಿದದ್ದು? ಮುಖದ ಮುಂದೆ ಕೈ ಆಡಿಸಿ ನೋಡಿದಿರಾ? ಪಕ್ಕದವರ ಉಸಿರು ಕೇಳಿಸಿತೇ? ಒಂದು ಕಾಲಕ್ಕೆ ಆ ಸೀಮೆಯ ಗಣಿಗಳಲ್ಲಿ ಪುಟ್ಟ ಮಕ್ಕಳು ಇಂಥ ಕತ್ತಲಲ್ಲಿ ಬಾಗಿಲು ಕಾಯುತ್ತಿದ್ದರು. ಬಂಡಿ ಬಂದಾಗ ಹಗ್ಗ ಎಳೆದು ತೆರೆಯಬೇಕು, ಹೋದೊಡನೆ ಮುಚ್ಚಬೇಕು; ಇಲ್ಲದಿದ್ದರೆ ಗಾಳಿಯ ಹಾದಿ ತಪ್ಪುತ್ತದೆ. ಹತ್ತರೊಳಗಿನ ಹುಡುಗರನ್ನೂ ಹೆಣ್ಣುಮಕ್ಕಳೆಲ್ಲರನ್ನೂ ಒಳಗೆ ದುಡಿಸಬಾರದೆಂದು ಕಾಯ್ದೆ ಬಂದದ್ದು 1842ರಲ್ಲಿ. ಇದನ್ನು ಕೊನೆಯ ಪುಟದ ಇಸವಿಗಳ ಕಂತೆಯಲ್ಲಿ ಹೂತಿದ್ದೀರಿ. ಎತ್ತಿ ಈ ಕತ್ತಲೆಯ ಪಕ್ಕದಲ್ಲಿಡಿ. ಉಳಿದ ಇಸವಿಗಳಲ್ಲಿ ಎರಡು ಸಾಕು: ಗಣಿ ಮುಚ್ಚಿದ 1980, ಜನರಿಗೆ ತೆರೆದ 1983.

ನಿಮ್ಮನ್ನು ಕರೆದೊಯ್ದವರು ಹಿಂದೆ ಗಣಿಯಲ್ಲಿ ದುಡಿದವರು ಎಂದು ನೀವೇ ಬರೆದಿದ್ದೀರಿ. ಆದರೆ ಅವರ ಬಾಯಿಂದ ಒಂದು ಮಾತೂ ಇಲ್ಲ! ನನಗೆ ನಿಜಕ್ಕೂ ಸಂಕಟವಾದದ್ದು ಇಲ್ಲಿ. ಕೂಲಿಗೆ ಇಳಿಯುತ್ತಿದ್ದ ಕತ್ತಲೆಗೆ ಈಗ ಅಪರಿಚಿತರ ಕೈಹಿಡಿದು ಇಳಿಯುವ ಮನುಷ್ಯ ಏನಂದರು, ಎಲ್ಲಿ ಸುಮ್ಮನಾದರು? ನೆನಪಿದ್ದಷ್ಟನ್ನೇ ಬರೆಯಿರಿ, ಮಾತು ಹುಟ್ಟಿಸಬೇಡಿ.

ಗಣಿಯೊಳಗೆ ಬಂಡಿ ಎಳೆಯುತ್ತಿದ್ದ ಕುದುರೆಗಳ ಲಾಯದ ಭಾಗದಲ್ಲಿ ‘ಕುದುರೆಗಳಿಲ್ಲ, ಅವು ನಿಲ್ಲುತ್ತಿದ್ದ ಜಾಗದ ಮೇಲೆ ಹೆಸರುಗಳಿವೆ’ ಎಂಬ ಸಾಲಿನ ಒಂದಕ್ಷರವನ್ನೂ ಮುಟ್ಟಬೇಡಿ. ಅದರ ಬೆನ್ನಿಗೇ ಬರುವ ‘ಕಣ್ಣು ತೇವವಾಯಿತು’ ಬೇಡ.

ಅವಸರವಿಲ್ಲ. ತಿದ್ದಿ ಕಳಿಸಿ, ಎಷ್ಟು ಸಲವಾದರೂ ಓದುತ್ತೇನೆ.

ಸಂಪಾದಕ